ಝಳಕಿಯ ಪೀಪಾಯಿ ಗಾಳಿಯಂತ್ರ

ಝಳಕಿಯಲ್ಲಿ ಬಸ್ಸು ಇಳಿದಾಗ ಮೊದಲು ಕಂಡದ್ದು ನಮ್ಮ ಗಾಳಿಯಂತ್ರ. ಡಾಂಬರಿನ ಪೀಪಾಯಿಯನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ನೆಟ್ಟಗೆ ನಿಂತ ಕಂಬಿಗೆ ಜೋಡಿಸಿ, ಬಾವಿಯಿಂದ ಕುಡಿಯುವ ನೀರೆತ್ತಲೆಂದು ಹೋದ ವರ್ಷ ನಾನೇ ರೂಪಿಸಿದ್ದು. ಅದು ತಿರುಗುತ್ತಿತ್ತು! ಇದೇ ನಕ್ಷೆಯಿಂದ ಸಿಂದಗಿ, ಮುದ್ದೇಬಿಹಾಳದ ಕಡೆ ನಿಲ್ಲಿಸಿದ ಎರಡು ಯಂತ್ರಗಳು ಬೇರಿಂಗಿಗೆ ಧೂಳು ಹೊಕ್ಕು ನಿಂತುಹೋದದ್ದನ್ನು ನಿನ್ನೆ ಮೊನ್ನೆಯಷ್ಟೇ ನೋಡಿ ಬಂದಿದ್ದೆ. ಅಲ್ಲಿಯ ಹೆಂಗಸರು ಮತ್ತೆ ದೂರದ ಹಳ್ಳಕ್ಕೆ ನೀರಿಗೆ ಹೋಗುತ್ತಿದ್ದಾರೆ.

ಇದನ್ನು ಕಟ್ಟಲು ನೆರವಾಗಿದ್ದ ಕಮ್ಮಾರ ಹುಸೇನಸಾಬರು ಬಾವಿಯ ಹತ್ತಿರವೇ ಇದ್ದರು. ಕಂಬಿಯ ಬುಡ ತೋರಿಸಿದರು. ನನ್ನ ಉಕ್ಕಿನ ಬೇರಿಂಗು ಅಲ್ಲಿರಲಿಲ್ಲ. ಕುಸುಬಿ ಎಣ್ಣೆಯಲ್ಲಿ ನೆನೆಸಿದ ಜಾಲಿಯ ಕೊರಡಿನ ಕುಳಿಯಲ್ಲಿ ಕಂಬಿ ಸದ್ದಿಲ್ಲದೆ ಸುತ್ತುತ್ತಿತ್ತು.

"ನಿಮ್ಮ ಬೇರಿಂಗು ಎರಡ ತಿಂಗಳಿಗೆ ಹಿಡಕೊಂಡು ನಿಂತಿತ್ರಿ. ಉಳಿದ ಊರಾಗೂ ಹಿಂಗ ಮಾಡಸ್ರಿ ಅಂತ ಸಾಲಿ ಮಾಸ್ತರ ಕಡಿಂದ ನಿಮಗ ಕಾಗದ ಬರಸಿದ್ದೆ. ಮುಟ್ಟಿರಲಿಕ್ಕಿಲ್ಲ ಬಿಡ್ರಿ. ಮುಟ್ಟಿದ್ರ ನೀವು ಸುಮ್ಮನ ಕೂಡ್ತಿರಲಿಲ್ಲ," ಎಂದರು.

ಮುಟ್ಟಿಲ್ಲವೆಂದು ತಲೆಯಾಡಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಮುಟ್ಟಿತ್ತು ಹುಸೇನಸಾಬ್ರ," ಎಂದೆ. "ಓದಿದೆ. ಕಮ್ಮಾರರಿಗೇನು ತಿಳಿತದ ಅಂತ ಬದಿಗಿಟ್ಟೆ. ಈಗ ಸಿಂದಗಿ, ಮುದ್ದೇಬಿಹಾಳದ ಕಡೆ ಎರಡೂ ಯಂತ್ರ ಕೆಟ್ಟು ನಿಂತಾವ."

ಅವರು ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಸಿಂದಗಿ ಬಸ್ಸು ಎಷ್ಟಕ್ಕೈತ್ರಿ?" ಎಂದು ಕೇಳಿದರು. "ಹತಾರ ತಗೊಂಡು ಬರ್ತೇನಿ."

ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ.