ಬಾಗಿಲ ಹೊರಗೆ ಕಲಿತ ಕ್ರಿಯಾಪದ

ಸ್ಪ್ಯಾನಿಷ್ ಭಾಷೆಯ 'ಕೆದಾರ್' ಎಂಬ ಕ್ರಿಯಾಪದವನ್ನು ನಾನು ಅರ್ಧ ಮೇಷ್ಟರಿಂದ ಕಲಿತೆ, ಅರ್ಧ ನನ್ನ ಅತ್ತೆಯಿಂದ. ಮೇಷ್ಟರು ಒಳ್ಳೆಯವರು.

ಕೊಳ್ಳೇಗಾಲದ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ನಾನು ಬಿಲ್ ಬರೆಯುತ್ತಿದ್ದೆ. ನಮ್ಮ ಕರಿಕಲ್ಲು ಸ್ಪೇನಿಗೆ ಹೋಗತೊಡಗಿದಾಗ, ಆ ಭಾಷೆ ಕಲಿತವರಿಗೆ ವ್ಯಾಪಾರದ ಮಾತುಕತೆಯ ಕೆಲಸ ಕೊಡುತ್ತೇನೆ ಎಂದರು ಮಾಲೀಕರು. ಕಲಿಯಲು ನಿಂತವರು ನಾನು ಮತ್ತು ಸ್ಟೋರಿನ ಹುಡುಗಿ. ಪಾಠವೆಲ್ಲ ಮೊಬೈಲಿನಲ್ಲಿ, ಮೇಷ್ಟರು ಇದ್ದದ್ದು ಸ್ಪೇನಿನಲ್ಲಿ. ಊರಿಗೆ ಹೋಗುವ ಮಾಂಬಳ್ಳಿ ಬಸ್ಸಿನಲ್ಲಿ ನಿಂತುಕೊಂಡು, ಒಲೆಯ ಮುಂದೆ ಕೂತುಕೊಂಡು ಬಾಯಿಪಾಠ ಮಾಡಿದೆ. ಕೆದಾರ್ ಅಂದರೆ ಉಳಿಯುವುದು. ಪಾತ್ರೆಯಲ್ಲಿ ಸಾರು ಉಳಿದರೂ ಅದೇ, ಮನೆಯಲ್ಲಿ ಮನುಷ್ಯರು ಉಳಿದರೂ ಅದೇ. ಸೀರೆ ಒಪ್ಪುತ್ತದೆ ಅನ್ನಲೂ ಅದೇ. ಇಂಥ ಹೊತ್ತಿಗೆ ಸಿಗೋಣ ಎಂದು ಗೊತ್ತು ಮಾಡಿಕೊಳ್ಳಲೂ ಅದೇ. 'ಕೆದಾಮೋಸ್' ಎಂದು ಮೇಷ್ಟರು ನನ್ನ ಮಾತಿನ ಪರೀಕ್ಷೆಗೆ ಭಾನುವಾರ ಸಂಜೆ ನಾಲ್ಕು ಗಂಟೆ ಗೊತ್ತು ಮಾಡಿದರು. ಕೆಲಸ ಯಾರಿಗೆಂದು ಮಾಲೀಕರು ತೀರ್ಮಾನಿಸುವುದು ಆ ಪರೀಕ್ಷೆಯ ಮೇಲೆಯೇ.

ಸೊಸೆ ಫೋನಿನಲ್ಲಿ ಯಾವನೋ ಗಂಡಸಿನ ಜೊತೆ ತನಗೆ ತಿಳಿಯದ ಭಾಷೆ ಆಡುವುದು ಅತ್ತೆಗೆ ಸೇರುತ್ತಿರಲಿಲ್ಲ.

ಆ ಭಾನುವಾರ ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ನಡುಮನೆಯಲ್ಲಿ ಹೊಸ ಬಟ್ಟೆ, ಕೋಳಿ ಸಾರು, ವಡೆ, ಮಾವನಿಗೆ ಪ್ರಿಯವಾದ ಬ್ರಾಂದಿ ಎಲ್ಲ ಎಡೆ ಇಟ್ಟು, ಬಾಗಿಲು ಮುಚ್ಚಿ ನಾವು ಜಗುಲಿಗೆ ಬರಬೇಕು. ಅವರು ಉಂಡೇಳುವ ತನಕ ಬಾಗಿಲು ತೆರೆಯುವಂತಿಲ್ಲ. ಉಂಡೆದ್ದರು ಎಂದು ಹೇಳುವವಳು ಮನೆಯ ಹಿರಿಯಳು, ಅಂದರೆ ಅತ್ತೆ. ಪ್ರತಿ ವರ್ಷ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಆ ವರ್ಷ ಮಾತ್ರ ಸಂಜೆ ನಾಲ್ಕು ಹತ್ತಿರವಾಗುವ ತನಕ ಅವಳ ವಡೆ ಬೇಯಲೇ ಇಲ್ಲ.

ಜಗುಲಿಗೆ ಬಂದು ನೋಡಿದರೆ ಮೊಬೈಲಿಲ್ಲ.

"ಎಡೆ ಮುಂದೆ ಮಡಗಿವ್ನಿ ಕಣವ್ವ," ಎಂದಳು ಅತ್ತೆ, ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕುತ್ತ. "ಪರೀಕ್ಸೆ ಅಂದ್ಯಲ್ಲ, ನಿಮ್ಮಾವ ಆಸೀರ್ವಾದ ಮಾಡ್ಲಿ ಅಂತ."

ಒಳಗೆ ಫೋನು ಹೊಡೆದುಕೊಂಡಿತು. ಚಿಲಕಕ್ಕೆ ಕೈ ಹಾಕಿದೆ.

"ಇರೀಕರು ಉಣ್ತಾವ್ರೆ. ಬಾಗ್ಲು ತಗೀಬ್ಯಾಡ."

ಗಂಡ ನನ್ನನ್ನು ನೋಡಿದ, ಆಮೇಲೆ ಅಂಗಳದ ಕೋಳಿಗಳನ್ನು ನೋಡಿದ. ಫೋನು ಮತ್ತೆ ಮತ್ತೆ ಹೊಡೆದುಕೊಂಡಿತು. ನನಗೆ ಅಳು ಬರಲಿಲ್ಲ, ಅವಳ ಕತ್ತು ಹಿಸುಕಬೇಕು ಅನ್ನಿಸಿತು. ಸದ್ದು ಪೂರ್ತಿ ನಿಂತ ಮೇಲೆ ಅವಳು ನಿಧಾನಕ್ಕೆ ಎದ್ದು, ಬಾಗಿಲು ತಟ್ಟಿ, "ಉಂಡ್ರು, ಬನ್ನಿ" ಎಂದಳು. ಮೊಬೈಲಿಗೆ ಕುಂಕುಮ ಹಚ್ಚಿದ್ದಳು.

ಕೆಲಸ ಸ್ಟೋರಿನ ಹುಡುಗಿಗೆ ಹೋಯಿತು. ಇದನ್ನೆಲ್ಲ ಮೇಷ್ಟರಿಗೆ ವಿವರಿಸುವಷ್ಟು ಸ್ಪ್ಯಾನಿಷ್ ನನಗೆ ಬರುತ್ತಿರಲಿಲ್ಲ. 'ಮೆ ಕೆದೆ' ಎಂದಷ್ಟೇ ಕಳಿಸಿದೆ. ನಾನು ಉಳಿದುಕೊಂಡೆ.

ಈ ವರ್ಷ ಮಾವನ ಪಕ್ಕದಲ್ಲಿ ಅತ್ತೆಯ ಫೋಟೋ. ಎಡೆ ಇಟ್ಟವಳು ನಾನು. ಉಂಡೆದ್ದರು ಎಂದು ಹೇಳುವವಳೂ ಈಗ ನಾನೇ. ಸೀರೆ, ವಡೆ, ಕೋಳಿ ಎಲ್ಲ ಇಟ್ಟು, ಬಾಗಿಲು ಮುಚ್ಚಿ ಬಂದು ಕೂತೆ. ಗಂಡ ನನ್ನ ಮಡಿಲು ನೋಡಿ ಗಾಬರಿಯಾದ.

"ಅಯ್ಯೋ, ಅವ್ವನ ಒಗೆಸೊಪ್ಪು ಇಲ್ಲೇ ಅದಲ್ಲಾ! ಅದಿಲ್ದೆ ಅವ್ವುಂಗೆ ಉಂಡಂಗಾಯ್ತದಾ? ಕೊಡು, ಒಳೀಕ್ ಮಡಗ್ಬುಟ್ ಬತ್ತೀನಿ."

"ಇರೀಕರು ಉಣ್ತಾವ್ರೆ," ಎಂದೆ. "ಬಾಗ್ಲು ತಗೀಬ್ಯಾಡಿ."