ಗಂಗೂನ ಗೋಡೆ

ಸೂಪಾದ ಅಣೆಕಟ್ಟು ಮೇಲೇಳುತ್ತಿದ್ದ ಕಾಲ. ಮುಳುಗಲಿರುವ ಮನೆಗಳ ಗೋಡೆಗೆ ಡಾಂಬರಿನಲ್ಲಿ ನಂಬರ್ ಬರೆಯುವುದು ನನ್ನ ದಿನಗೂಲಿ ಕೆಲಸ. ಕೈಯಲ್ಲಿದ್ದದ್ದು ಒಂದು ಡಬ್ಬಿ, ಒಂದು ಬ್ರಶ್ಶು. ನಡಿಗೆ ಮಾತ್ರ ತಹಶೀಲ್ದಾರರದು. ಒಂದು ಮನೆಯ ಬಾಗಿಲ ಪಕ್ಕ, ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಸುಣ್ಣದ ಗೀಟು, ಚುಕ್ಕಿ ಕಂಡವು. ಸರ್ವೆಯವರು ನನಗಿಂತ ಮೊದಲೇ ಬಂದು ಗುರುತು ಹಾಕಿದ್ದಾರೆಂದು ತಿಳಿದು ಮುಂದಿನ ಮನೆಗೆ ಹೊರಟೆ.

“ಲೇ ಶಾಣ್ಯಾ,” ಎಂದು ಮೇಸ್ತ್ರಿ ಅಡಿವೆಯ್ಯ ಕೂಗಿದ. “ಸರ್ವೆದವರು ಕೋಡು ಬರೀತಾರೇನಲೇ?”

ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಗೀಟುಗಳು ಎಮ್ಮೆಗಳಾದವು, ಚುಕ್ಕಿಗಳು ನೀರಾದವು. ಹಿಂಡು ಹೊಳೆ ದಾಟುತ್ತಿತ್ತು.

ಬರೆದವಳು ಆ ಮನೆಯ ಗಂಗೂ, ಹೈಸ್ಕೂಲಿನ ಹುಡುಗಿ. ಡ್ರಾಯಿಂಗ್ ಮಾಸ್ತರರು ಕೊಟ್ಟ ಹಾಳೆಯಲ್ಲಿ ಅವಳ ಎಮ್ಮೆಗೆ ಕೋಡು ಹಿಡಿಸುತ್ತಿರಲಿಲ್ಲ. ಗೋಡೆಯ ಮುಂದೆ ನಿಂತರೆ ಕೈ ಭುಜದಿಂದಲೇ ತಿರುಗುತ್ತಿತ್ತು. ಪ್ರತಿ ದೀಪಾವಳಿಗೆ ತಾಯಿ ಸೋನುಬಾಯಿ ಸೆಗಣಿ, ಕೆಮ್ಮಣ್ಣು ಕಲಸಿ ಗೋಡೆ ಸಾರಿಸುತ್ತಿದ್ದಳು. ಹೋದ ವರ್ಷದ ಚಿತ್ರ ಅದರಡಿ ಮುಚ್ಚಿಹೋಗುತ್ತಿತ್ತು. ಗಂಗೂಗೆ ಅದರ ದುಃಖವಿರಲಿಲ್ಲ. ಹಸಿ ಗೋಡೆ ಒಣಗುವವರೆಗೂ ಎದುರಿಗೆ ಕುಳಿತು ಮುಂದಿನದನ್ನು ಯೋಚಿಸುವುದೇ ಅವಳ ಹಬ್ಬ. ಇನ್ನು ಬರುವುದೇ ಈ ಮನೆಯಲ್ಲಿ ಕಡೆಯ ದೀಪಾವಳಿ. ಈ ಸಲ ಇಡೀ ಊರನ್ನೇ ಬರೆಯಬೇಕೆಂದು ಅವಳು ಮಳೆಗಾಲದಿಂದಲೇ ತಲೆಯಲ್ಲಿ ಮನೆಗಳನ್ನು ಜೋಡಿಸಿಟ್ಟಿದ್ದಳು.

ಆದರೆ ನಂಬರ್ ಬಿದ್ದ ಗೋಡೆಯನ್ನು ಯಾರೂ ಸಾರಿಸುವಂತಿಲ್ಲ. ಸಾರಿಸಿದರೆ ನಂಬರ್ ಹೋಗುತ್ತದೆ. ನಂಬರ್ ಹೋದರೆ ಪರಿಹಾರದ ಲೆಕ್ಕದಲ್ಲಿ ಅಲ್ಲಿ ಮನೆಯೇ ಇರಲಿಲ್ಲವೆಂದಾಗುತ್ತದೆ.

“ಅಣ್ಣಾ, ಹಿಂದಿನ ಗ್ವಾಡಿಗೆ ಬರೀರಿ,” ಎಂದಳು ಗಂಗೂ.

ನಾನು ಅಡಿವೆಯ್ಯನ ಮುಖ ನೋಡಿದೆ. ಸ್ವಂತ ಅಭಿಪ್ರಾಯ ಇಟ್ಟುಕೊಳ್ಳುವಷ್ಟು ದೊಡ್ಡ ನೌಕರಿ ನನ್ನದಾಗಿರಲಿಲ್ಲ.

“ಸಾಹೇಬ್ರು ಜೀಪಿನ್ಯಾಗ ಕುಂತ ನೋಡ್ತಾರವಾ,” ಎಂದ ಅವನು. “ನಿಮ್ಮ ಹಿತ್ತಲಕ್ಕ ಬರ್ತಾರೇನು?”

“ಹಂಗಾರ ಬಾಗಲಕ್ಕ ಬರೀರಿ.”

“ಬಾಗಲಾ ನೀವು ಕಿತ್ಕೊಂಡು ಹೊಕ್ಕೀರಿ.”

“ಗ್ವಾಡಿ ಒಯ್ಯಾಕ ಬರೂದಿಲ್ಲಂತ ಅದಕ್ಕ ಬರೀತೀರೇನು?”

ಅಡಿವೆಯ್ಯ ನನ್ನ ಕಡೆ ತಿರುಗಿದ. “ಬರೀಯೋ ನೀ,” ಎಂದ. ಸೋನುಬಾಯಿ ಮಗಳ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಹಿಂಡಿನ ಮುಂದಿದ್ದ ಎಮ್ಮೆಯ ಬೆನ್ನ ಮೇಲೆ ಎಂಬತ್ತೆಂಟು ಎಂದು ಬರೆದೆ. ಡಾಂಬರು ತೆಳ್ಳಗಾಗಿತ್ತು. ಎರಡನೆಯ ಎಂಟರಿಂದ ಒಂದು ಹನಿ ಜಾರಿ ಹೊಳೆಗಿಳಿಯಿತು.

ದೀಪಾವಳಿಗೆ ಗಂಗೂ ತೆಂಗಿನ ಚಿಪ್ಪಿನಲ್ಲಿ ಸುಣ್ಣ ಕಲಸಿಕೊಂಡು ಗೋಡೆಯ ಮುಂದೆ ಕುಳಿತಳು. ನಂಬರಿನ ಸುತ್ತ ಉಳಿದ ಜಾಗದಲ್ಲಾದರೂ ಬರೆಯೋಣವೆಂದು ಅವಳ ಆಸೆ.

“ಮುಟ್ಟಬ್ಯಾಡ. ಇದ್ದೊಂದು ಮನೀನೂ ಕಳಿತೀ ಏನು?” ಎಂದು ಸೋನುಬಾಯಿ ಚಿಪ್ಪು ಕಸಿದುಕೊಂಡಳು. ಆ ಸುಣ್ಣ ಎಲೆಯಡಿಕೆಗೆ ಖರ್ಚಾಯಿತು.

ಬೇಸಿಗೆಯಲ್ಲಿ ಲಾರಿ ಬಂತು. ಹೆಂಚು, ಜಂತಿ, ಬಾಗಿಲು, ಒರಳು ಎಲ್ಲ ಹತ್ತಿದವು. ಗಂಗೂ ಒಂದು ಬುಟ್ಟಿ ಕೆಮ್ಮಣ್ಣನ್ನೂ ಹತ್ತಿಸಿದಳು. “ಮಣ್ಣು ಅಲ್ಲೂ ಐತವಾ,” ಎಂದು ಡ್ರೈವರ್ ಇಳಿಸಿಬಿಟ್ಟ. ಹಿಂದೆ ಸೂರಿಲ್ಲದ ಗೋಡೆ, ಬೆನ್ನಿಗೆ ನಂಬರ್ ಹೊತ್ತ ಎಮ್ಮೆ ಉಳಿದವು. ಅವು ಕರಗಲು ಹೊಳೆ ಏರಿ ಬರುವುದೇನೂ ಬೇಕಿರಲಿಲ್ಲ, ಮೊದಲ ಮಳೆ ಸಾಕಿತ್ತು.

ಹೊಸ ಜಾಗದಲ್ಲಿ ಮಣ್ಣು ಇತ್ತು, ಗೋಡೆ ಇರಲಿಲ್ಲ, ಸುತ್ತಲೂ ತಗಡು. ಗಂಗೂ ತಗಡಿಗೂ ಸಾರಿಸಿ ನೋಡಿದಳು. ಮಧ್ಯಾಹ್ನದ ಬಿಸಿಲಿಗೆ ಅದು ಹಕ್ಕಳೆಯೆದ್ದು ಉದುರಿತು. ಮರುದಿನ ಮತ್ತೆ ಸಾರಿಸಿದಳು, ಮತ್ತೆ ಉದುರಿತು.

ಆ ಶೆಡ್ಡುಗಳಿಗೆ ನಂಬರ್ ಬರೆಯುವ ಭಾಗ್ಯವೂ ನನ್ನದೇ. ಅವರ ತಗಡಿನ ಮೇಲೆ ಹದಿನೆಂಟು ಬರೆದು ಮುಗಿಸುವಾಗ ಗಂಗೂ ಕುಡಿಯಲು ನೀರು ತಂದಳು. ಸುಮ್ಮನೆ ಕುಡಿದು ಹೋಗಬಹುದಿತ್ತು. ಬಾಯಿ ತಡೆಯಲಿಲ್ಲ.

“ಗಂಗೂ, ನನ್ನ ಮ್ಯಾಲೆ ಸಿಟ್ಟೈತೇನವಾ?”

ಅವಳು ತಗಡಿನ ಮೇಲೆ ಎಂಟರಿಂದ ಜಾರುತ್ತಿದ್ದ ಹಸಿ ಡಾಂಬರನ್ನು ಓರೆಯಾಗಿ ನೋಡಿದಳು.

“ಐತ್ರಿ. ಇಷ್ಟು ಮನೀಗೆ ಬರದೀರಿ, ಇನ್ನೂ ಎಂಟು ಬರಿಯಾಕ ಬರೂದಿಲ್ಲ ನಿಮಗ.”