ಗೌರಮ್ಮನವರ ಆರನೇ ಮಹಡಿ

ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಬೆಳಿಗ್ಗೆ ಕಿಟಕಿ ತೆರೆದರೆ ಒದ್ದೆ ಸಿಮೆಂಟಿನ ವಾಸನೆ. ನಿಮಗೆ ಅದರಿಂದ ಗೃಹಪ್ರವೇಶದ ಹೋಳಿಗೆ ನೆನಪಾಗಬಹುದು. ನನಗೆ ನೆನಪಾಗುವುದು ಗೌರಮ್ಮನವರು.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಸ್ವಿಚ್ ಕಾರ್ಖಾನೆಯಲ್ಲಿ ಟೈಪಿಸ್ಟ್. ತಪ್ಪು ಹೊಡೆಯುವುದಕ್ಕೆ ಬಹುಮಾನವಿದ್ದಿದ್ದರೆ ನನಗೇ ಸಿಗುತ್ತಿತ್ತು. ಗೌರಮ್ಮನವರು ಮಾಲೀಕರು, ದಾವಣಗೆರೆ ಕಡೆಯವರು. ಗಂಡ ತೀರಿಕೊಂಡಾಗ, ಕಾರ್ಖಾನೆ ಮಾರಿಬಿಡು ಎಂದ ನೆಂಟರಿಗೆಲ್ಲ ಊಟ ಹಾಕಿ ಕಳಿಸಿ, ಮರುದಿನವೇ ಬೀಗ ತೆಗೆದವರು.

ಎದುರಿನ ಫ್ಯಾನ್ ಕಂಪನಿ ಐದು ಮಹಡಿಯ ಹೆಡ್ ಆಫೀಸ್ ಕಟ್ಟಿತು. ಅದರ ಯಜಮಾನರು ನಗುತ್ತಾ, “ನಿಮಗ್ಯಾಕಮ್ಮ ಕಟ್ಟೋ ಗೋಜು? ನಮ್ಮಲ್ಲೇ ಒಂದು ರೂಮ್ ಕೊಡ್ತೀನಿ” ಅಂದರಂತೆ. ಗೌರಮ್ಮನವರು ಅಲ್ಲಿ ಕೊಟ್ಟ ಕೇಸರಿಬಾತ್ ಪೂರ್ತಿ ತಿಂದು ಬಂದು ಇಂಜಿನಿಯರನ್ನು ಕರೆಸಿದರು. “ನಮ್ದು ಆರು ಮಹಡಿ ಆಗ್ಬೇಕ್ರಿ. ಮಾಗಡಿ ರೋಡಿಂದ ಕಾಣ್ಬೇಕು. ಮೇಲಿಂದು ನನ್ನ ಆಫೀಸು.”

ನಮ್ಮ ಐದು ಮಹಡಿಗಳು ಎದ್ದು ನಿಂತು, ಗೋದಾಮು, ಮಾರಾಟ ವಿಭಾಗ ಎಂದು ತುಂಬಿಯೂ ಹೋದವು. ಆಗ ಸಿಮೆಂಟ್ ಸಿಗದಾಯಿತು. ಆ ಕಾಲದಲ್ಲಿ ಅದಕ್ಕೂ ಪರ್ಮಿಟ್ ಬೇಕು. ಅವರ ಹಿಂದೆ ಕಚೇರಿಯಿಂದ ಕಚೇರಿಗೆ ಅಲೆದು ನನ್ನ ಚಪ್ಪಲಿ ಸವೆದವು. ಅವರ ಹಟ ಸವೆಯಲಿಲ್ಲ. ಕೊನೆಗೂ ಒಂದು ಮಹಡಿಗಾಗುವಷ್ಟು ಬಂತು.

ಅದೇ ವಾರ ಮಳೆ ಹಿಡಿಯಿತು. ಹಿಂದಿನ ತಗಡಿನ ಶೆಡ್ಡು ಸೋರಿ, ಸ್ವಿಚ್ ಜೋಡಿಸುವ ಹೆಂಗಸರು ನೀರಿನಲ್ಲೇ ಕಾಲಿಟ್ಟು ಕೂತರು. ಅವರಲ್ಲಿ ಹಿರಿಯರಾದ ಮುನಿಯಮ್ಮ ನೇರವಾಗಿ ಬಂದು ಕೇಳಿದರು: “ಅಮ್ಮಾ, ಆ ಸಿಮೆಂಟ್ನಾಗೆ ಮೊದ್ಲು ನಮ್ ತಲೆ ಮ್ಯಾಲೆ ಒಂದು ಸೂರು ಹಾಕ್ಸಿ. ಆಮ್ಯಾಕೆ ನೀವು ಎಷ್ಟು ಎತ್ರಕ್ಕಾದ್ರೂ ಹೋಗಿ.”

ಗೌರಮ್ಮನವರು ಶೆಡ್ಡಿಗೆ ಹೋಗಿ, ಆ ನೀರಿನಲ್ಲಿ ಬಹಳ ಹೊತ್ತು ನಿಂತರು.

“ಆರನೇ ಮಹಡಿ ಬಿಡಂಗಿಲ್ಲ, ಮುನಿಯಮ್ಮ.”

ಮುನಿಯಮ್ಮನ ಮುಖ ಬಾಡಿತು.

“ಆದ್ರೆ ಅಲ್ಲಿ ಕೂರೋರು ನೀವು. ಅಲ್ಲೀತನಕ ಗೋದಾಮ್ನಾಗೆ ಜಾಗ ಮಾಡಿಸ್ತೀನಿ. ನನ್ನ ಟೇಬಲ್ ಇಲ್ಲಿಗೆ ತರಿಸ್ರಿ.”

ಆ ಮಳೆಗಾಲವೆಲ್ಲ ಅವರು ಕೊಡೆಯಡಿ ಕೂತು ಡಿಕ್ಟೇಶನ್ ಕೊಟ್ಟರು. ನನ್ನ ತಪ್ಪುಗಳಿಗೆ ಮಳೆಯ ನೆಪ ಸಿಕ್ಕಿತು. ಕಟ್ಟಡ ಮುಗಿದ ದಿನ ಎದುರಿನ ಯಜಮಾನರು ಬಂದು, “ನಿಮ್ಮ ಚೇಂಬರ್ ಎಲ್ಲಮ್ಮ?” ಎಂದು ಕೇಳಿದರು.

“ಹಿಂದ್ಗಡೆ ಶೆಡ್ನಾಗೆ. ಮೇಲೆ ನಮ್ಮ ಕಂಪನಿ ಐತ್ರಿ.”

ಮೊನ್ನೆ ಆ ಕಡೆ ಹೋಗಿದ್ದೆ. ಸುತ್ತಲಿನ ಗೋಪುರಗಳ ನಡುವೆ ನಮ್ಮ ಕಟ್ಟಡವೀಗ ಕುಳ್ಳಗೆ ನಿಂತಿದೆ. ಮೇಲಿನ ಮಹಡಿ ನೋಡಬೇಕಿತ್ತು ಎಂದೆ. “ಲಿಫ್ಟ್ ಕೆಟ್ಟಿದೆ ಆಂಟಿ, ನಾಳೆ ಬನ್ನಿ” ಎಂದ ಕಾವಲಿನವ. ಮಂಡಿನೋವೆಂದು ದೇವಸ್ಥಾನದ ಮೆಟ್ಟಿಲನ್ನೂ ಬಿಟ್ಟವಳು ನಾನು.

“ಇವತ್ತೇ ಹೋಗ್ತೀನಪ್ಪಾ” ಎಂದು ಕಂಬಿ ಹಿಡಿದು ಹತ್ತತೊಡಗಿದೆ.